ಅಮ್ಮನ ಮನಸ್ಸು ಬಾಡಿದಾಗ



ಪ್ರವಾದಿ ಎಲೀಯ ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಕುಳಿತು, ಈ ಬದುಕು ಸಾಕು ಎಂದು ದೇವರಲ್ಲಿ ಸಾವನ್ನೇ ಬೇಡಿದ. ದೇವರು ಅವನನ್ನು ಗದರಿಸಲಿಲ್ಲ. ದೂತ ಬಂದು ರೊಟ್ಟಿ, ನೀರು ಕೊಟ್ಟ; ಮಲಗಲು ಬಿಟ್ಟ; ಮತ್ತೆ ಎಬ್ಬಿಸಿ ಉಣಿಸಿದ (1 ಅರಸುಗಳು 19).

ನಮ್ಮ ಮನೆಯ ತಾಯಿ ಹೀಗೆ ಕುಗ್ಗಿ ಕುಳಿತರೆ ನಾವೇನು ಮಾಡುತ್ತೇವೆ? ಸೋಮಾರಿ ಎನ್ನುತ್ತೇವೆ, ದೃಷ್ಟಿ ತಗುಲಿದೆ ಎನ್ನುತ್ತೇವೆ, ಜಪಮಾಲೆ ಬಿಟ್ಟಿದ್ದಕ್ಕೇ ಹೀಗಾಯಿತು ಎನ್ನುತ್ತೇವೆ. ಖಿನ್ನತೆ ಪಾಪವಲ್ಲ, ಕಾಯಿಲೆ.

ಇದನ್ನು ಮೊದಲು ಅರಿಯುವವರು ಮಕ್ಕಳು. ಹೇಳಲು ಅವರಿಗೆ ಮಾತಿಲ್ಲ, ನಡತೆಯಲ್ಲಿ ತೋರಿಸುತ್ತಾರೆ. ಮಗ ಎದುರುತ್ತರ ಕೊಡುತ್ತಾನೆ, ಶಾಲೆಯಲ್ಲಿ ಜಗಳವಾಡುತ್ತಾನೆ, ನಾವು ಹೊಡೆಯುತ್ತೇವೆ. ಮಗಳು ಮೌನವಾಗಿ ಒಲೆ ಹಚ್ಚುತ್ತಾಳೆ, ತಮ್ಮನನ್ನು ಎತ್ತಿಕೊಳ್ಳುತ್ತಾಳೆ. ಎಷ್ಟು ಜವಾಬ್ದಾರಿ ಎಂದು ಹೊಗಳುತ್ತೇವೆ. ಕೆಲವು ಮನೆಗಳಲ್ಲಿ ಇದು ತಿರುವುಮುರುವಾಗಿಯೂ ಇರಬಹುದು. ಆದರೆ ಅಮ್ಮ ಹೀಗಾದದ್ದು ನನ್ನಿಂದಲೇ ಎಂಬ ಭಯ ಇಬ್ಬರನ್ನೂ ಕಾಡುತ್ತಿರಬಹುದು.

ನಮ್ಮ ಸೇಲಂ, ಧರ್ಮಪುರಿ ಸೀಮೆಗೆ ಇದರಲ್ಲಿ ಒಂದು ಹಳೆಯ ಗಾಯವೂ ಇದೆ. ಹೆಣ್ಣುಶಿಶುಗಳ ಪ್ರಾಣ ಉಳಿಸಲು ಸರ್ಕಾರ 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಮಗು ಯೋಜನೆ ಆರಂಭಿಸಬೇಕಾಯಿತು. 2001ರಲ್ಲಿ ಅದು ಧರ್ಮಪುರಿಗೂ ಬಂತು. ಶಿಶುವಿಗೆ ತೊಟ್ಟಿಲು ಸಿಕ್ಕಿತು. ಹೆತ್ತವಳ ಮನಸ್ಸನ್ನು ಕೇಳಿದವರೆಷ್ಟು? ಗಂಡುಮಗು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ತಾಯಿಗೆ ಖಿನ್ನತೆಯ ಅಪಾಯ ಹೆಚ್ಚು ಎಂದು 2002ರಲ್ಲಿ ಪ್ರಕಟವಾದ ಗೋವಾದ ಅಧ್ಯಯನವೊಂದು ತೋರಿಸಿದೆ. ಮತ್ತೆ ಹೆಣ್ಣೇ ಎಂಬ ನಮ್ಮ ಒಂದು ಮಾತು ತಾಯಿಯನ್ನು ಕುಗ್ಗಿಸುತ್ತದೆ. ಬೆಳೆಯುವ ಮಗಳೂ ಅದನ್ನು ಕೇಳಿಸಿಕೊಳ್ಳುತ್ತಾಳೆ.

ಭರವಸೆಯೂ ಇದೆ. ತಾಯಿ ಚೇತರಿಸಿಕೊಂಡಂತೆ ಮಕ್ಕಳ ನಡತೆಯೂ ಸುಧಾರಿಸುವುದನ್ನು ವೈದ್ಯರು ಕಂಡಿದ್ದಾರೆ. ಗಂಡಂದಿರೇ, ಅಡುಗೆಗೆ ಕೈಹಾಕಿ, ಅವಳನ್ನು ನಿದ್ರಿಸಲು ಬಿಡಿ, ಜೊತೆಯಲ್ಲೇ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋಗಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಕನ್ನಡ, ತಮಿಳು, ತೆಲುಗಿನಲ್ಲಿ ಮಾತನಾಡಬಹುದು. ಸಾಯುವ ಮಾತು ಬಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೇ ಕರೆದೊಯ್ಯಿರಿ. ಮಕ್ಕಳಿಗೆ ಹೇಳಿ: ಅಮ್ಮನಿಗೆ ಕಾಯಿಲೆ, ನಿನ್ನ ತಪ್ಪಲ್ಲ. ಪ್ರಾರ್ಥನೆ ಬಿಡಬೇಡಿ, ಔಷಧವನ್ನೂ ಬಿಡಬೇಡಿ.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದದ್ದನ್ನು ಗಮನಿಸಿ ಮಗನಿಗೆ ತಿಳಿಸಿದವರು ಮಾತೆ ಮರಿಯಮ್ಮನವರು. ಪಕ್ಕದ ಮನೆಯಲ್ಲಿ ಏನು ಬರಿದಾಗಿದೆ ಎಂದು ಕಾಣುವ ಕಣ್ಣನ್ನು ಆ ತಾಯಿ ನಮಗೂ ಬೇಡಿಕೊಡಲಿ. ಆಮೆನ್.