ಗುರುಸ್ಮರಣೆ ಮತ್ತು ಸತ್ಯ

ಗುರುವಿನ ಮರಣಾನಂತರ ಶಿಷ್ಯನ ಹೃದಯದಲ್ಲಿ ಎರಡು ಭಾವಗಳು ಒಟ್ಟಿಗೆ ಏಳುತ್ತವೆ. ಒಂದು ಕೃತಜ್ಞತೆ, ಇನ್ನೊಂದು ಮೋಹ. ಕೃತಜ್ಞತೆಯು ಪಡೆದುದನ್ನು ನೆನೆಯುತ್ತದೆ. ಮೋಹವು ಇಲ್ಲದ ಗುಣಗಳನ್ನೂ ಸೇರಿಸಿ ಹೇಳುತ್ತದೆ. ಶ್ರದ್ಧಾಂಜಲಿಯ ಸಭೆಯಲ್ಲಿ ಇವೆರಡೂ ಒಂದೇ ಭಾಷೆಯನ್ನಾಡುವುದರಿಂದ ಕೇಳುವವರಿಗೆ ಭೇದ ತಿಳಿಯುವುದಿಲ್ಲ. ಆದರೆ ಅಗಲಿದವರು ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದರೆ ಶಿಷ್ಯನು ಆ ಭೇದವನ್ನು ಅಲಕ್ಷಿಸುವಂತಿಲ್ಲ. ಅವರು ಜೀವನವಿಡೀ ಕಲಿಸಿದ್ದು ಅದನ್ನೇ.

ವಂಡ್ಸೆಯಂತಹ ಊರಿನಿಂದ ಕುಂದಾಪುರದ ಕಾಲೇಜಿಗೆ ಬಂದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ತನ್ನ ಮನೆಯ ಮುರಕಲ್ಲಿನ ಕೆಂಪಿಗೆ ಕಬ್ಬಿಣದ ಆಕ್ಸೈಡು ಕಾರಣವೆಂದು ಅವನು ಮೊದಲು ಕೇಳಿದ್ದು ಆ ಅಧ್ಯಾಪಕರ ಬಾಯಿಂದ. ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನಿಂದ ಕ್ಷಾರದ ದ್ರಾವಣವು ಹನಿಹನಿಯಾಗಿ ಇಳಿಯುತ್ತದೆ. ಫಿನಾಲ್ಫ್ತಲೀನ್ ಬೆರೆಸಿದ ಆಮ್ಲವು ತಿಳಿಗುಲಾಬಿಗೆ ತಿರುಗಿದ ಕ್ಷಣದಲ್ಲೇ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೂ ಲೆಕ್ಕ ಕೆಡುತ್ತದೆ. ಕೆಟ್ಟಾಗ ಪಕ್ಕದವನ ಅಂಕಿಯನ್ನು ಬರೆದುಕೊಳ್ಳುವ ಆಸೆ ಹುಟ್ಟುತ್ತದೆ. ಒಳ್ಳೆಯ ಅಧ್ಯಾಪಕನು ತಪ್ಪಿದ ಅಂಕಿಯನ್ನು ಕ್ಷಮಿಸುತ್ತಾನೆ, ತಿದ್ದಿದ ಅಂಕಿಯನ್ನು ಕ್ಷಮಿಸುವುದಿಲ್ಲ. ಅಂತಹವರನ್ನು ಅತಿಶಯೋಕ್ತಿಯಿಂದ ಹೊಗಳುವುದೆಂದರೆ, ಅವರ ಕಡೆಯ ಪ್ರಯೋಗದಲ್ಲಿ ನೋಡದ ಅಂಕಿಯನ್ನು ಬರೆದಂತೆಯೇ ಸರಿ.

ದುಃಖದ ವೇಳೆಯಲ್ಲಿ ಇಷ್ಟು ನಿಷ್ಠುರತೆ ಬೇಕೇ, ಅದು ಬಂಧುಗಳ ಮನಸ್ಸನ್ನು ನೋಯಿಸದೇ ಎಂಬ ಪ್ರಶ್ನೆ ಸಹಜ. ಅಗಲಿದವರ ದೋಷಗಳ ವಿಷಯದಲ್ಲಿ ಮೌನ ವಹಿಸುವುದು ದಯೆ. ಇಲ್ಲದ ಗುಣವನ್ನು ಸೃಷ್ಟಿಸುವುದು ಅಸತ್ಯ. ಇವೆರಡರ ನಡುವೆ ವಿಶಾಲವಾದ ಸ್ಥಳವಿದೆ. ಕಂಡದ್ದನ್ನು ಕಂಡಷ್ಟೇ ಹೇಳುವ ಪ್ರೀತಿಗೆ ಅಷ್ಟು ಸ್ಥಳ ಸಾಕು.

ಆಚಾರ್ಯ ಪ್ರಫುಲ್ಲಚಂದ್ರ ರಾಯ್ (1861–1944) ಅವರ ಜೀವನವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಲ್ಕತ್ತೆಯ ವಿಜ್ಞಾನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಅವರು 60 ವರ್ಷ ತುಂಬಿದ ಮೇಲೆ, 1921ರಿಂದ, ತಮ್ಮ ಸಂಬಳವನ್ನು ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟರು. ಅವಿವಾಹಿತರಾಗಿ, ಕಾಲೇಜಿನ ಕೊಠಡಿಯಲ್ಲಿ ಸರಳವಾಗಿ ಬಾಳಿದರು. ಈ ಸಂಗತಿಗಳಿಗೆ ವಿಶೇಷಣದ ಅಗತ್ಯವಿಲ್ಲ. ಅವರ ಶಿಷ್ಯ ಜ್ಞಾನಚಂದ್ರ ಘೋಷರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಮುಂದೆ ಖರಗ್‌ಪುರದ ತಂತ್ರಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರೂ ಆದರು. ಪ್ರಬಲ ವಿದ್ಯುದ್ವಿಚ್ಛೇದ್ಯಗಳ ಕುರಿತು ಘೋಷರು ತಾರುಣ್ಯದಲ್ಲಿ ಮಂಡಿಸಿದ ಸಿದ್ಧಾಂತವು ಜಗತ್ತಿನ ಗಮನ ಸೆಳೆಯಿತು. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಅವರ ಸಿದ್ಧಾಂತವು ಅದರ ಸ್ಥಾನವನ್ನು ಪಡೆಯಿತು. ಇದರಿಂದ ಘೋಷರ ಗೌರವವಾಗಲಿ ಅವರ ಗುರುವಿನ ಗೌರವವಾಗಲಿ ಕುಂದಲಿಲ್ಲ. ಹಿರಿಯರ ಮಾತನ್ನು ತಿದ್ದುವುದು ಅವಿನಯವಲ್ಲವೆಂಬ ಅಪೂರ್ವ ಸಂಪ್ರದಾಯ ವಿಜ್ಞಾನದಲ್ಲಿದೆ. ಗುರುವಿನ ವಚನವನ್ನಲ್ಲ, ಆತನ ಸತ್ಯನಿಷ್ಠೆಯನ್ನು ಉಳಿಸುವವನೇ ಅಲ್ಲಿ ನಿಜವಾದ ಶಿಷ್ಯ.

ಕನ್ನಡ ನಾಡಿನಲ್ಲಿ ಜೆ. ಆರ್. ಲಕ್ಷ್ಮಣರಾಯರ ಸ್ಮರಣೆಯೂ ಇದನ್ನೇ ಬೋಧಿಸುತ್ತದೆ. 1921ರಲ್ಲಿ ಜಗಳೂರಿನಲ್ಲಿ ಜನಿಸಿ, ಮೈಸೂರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು, ತರಗತಿಯ ಗೋಡೆಗಳಾಚೆ ಇದ್ದವರನ್ನೂ ತಮ್ಮ ವಿದ್ಯಾರ್ಥಿಗಳೆಂದು ಬಗೆದರು. ಕನ್ನಡದಲ್ಲಿ ವಿಜ್ಞಾನ ಗ್ರಂಥಗಳನ್ನು ರಚಿಸಿದರು. ‘ಬಾಲವಿಜ್ಞಾನ’ ಮಾಸಪತ್ರಿಕೆಯ ಸಂಪಾದಕರಾಗಿ ಹಳ್ಳಿಯ ಮಕ್ಕಳನ್ನು ತಲುಪಿದರು. 2017ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ, ಅವರ ಮುಖವನ್ನೇ ನೋಡದ ಅಸಂಖ್ಯ ಓದುಗರು ಅವರಿಗೆ ಋಣಿಗಳಾಗಿದ್ದರು.

ಆ ಋಣವನ್ನು ತೀರಿಸುವ ಬಗೆ ಯಾವುದು? ಕೊಟ್ಟವರು ಈಗ ಇಲ್ಲ. ಇದ್ದಾಗಲೂ ಅವರು ಮರಳಿ ಬೇಡಿದವರಲ್ಲ. ಭಾವಚಿತ್ರಕ್ಕೆ ಹಾರ ಹಾಕುವುದು ತಪ್ಪಲ್ಲ, ಆದರೆ ಹೂವು ಸಂಜೆಗೆ ಬಾಡುತ್ತದೆ. ವಂಡ್ಸೆಯ ಆ ವಿದ್ಯಾರ್ಥಿ ಇಂದು ತಾನೇ ಅಧ್ಯಾಪಕನಾಗಿರಬಹುದು, ಗುಮಾಸ್ತನಾಗಿರಬಹುದು, ಅಂಗಡಿಯಲ್ಲಿ ತಕ್ಕಡಿ ಹಿಡಿದಿರಬಹುದು. ಯಾರೂ ನೋಡದಿರುವಾಗ ತನ್ನ ಪುಸ್ತಕದಲ್ಲಿ ಕಂಡ ಅಂಕಿಯನ್ನೇ ಬರೆದನೆಂದರೆ, ತಿಳಿದುದನ್ನು ಕೇಳಿದವರಿಗೆ ಮುಚ್ಚಿಡದೆ ಹೇಳಿದನೆಂದರೆ, ಅವನು ಗುರುವನ್ನು ಸ್ಮರಿಸಿದಂತಾಯಿತು.