ಎಣ್ಣೆಯ ಹನಿ ಕಾಣುವ ಬಣ್ಣ

ಹಳೆ ಕಾರು ಮಾರುವವರು ಇಂಜಿನ್‌ಗೆ ಬಣ್ಣ ಹೊಡೆಸುವುದು ಕೊಳ್ಳುವವರ ಕಣ್ಣು ಕಟ್ಟಲಿಕ್ಕೆ. ಜಿಡ್ಡು, ತುಕ್ಕು, ಒಣಗಿದ ಎಣ್ಣೆ ಎಲ್ಲದರ ಮೇಲೆಯೇ ಬೆಳ್ಳಿ ಬಣ್ಣ ಬಳಿದುಬಿಟ್ಟರೆ ಬಾನೆಟ್ ಎತ್ತಿದಾಗ ಫಳಫಳ ಹೊಳೆಯುತ್ತದೆ. ಕೆಲವೇ ತಿಂಗಳಲ್ಲಿ ಅದು ಹಕ್ಕಳೆಯೆದ್ದು ಉದುರುತ್ತದೆ, ಅಷ್ಟರೊಳಗೆ ಕಾರು ಕೈ ಬದಲಾಗಿರುತ್ತದೆ. ಮನೆಯಲ್ಲಿ ತಾವೇ ಇಂಜಿನ್ ಬಿಚ್ಚಿ ಕಟ್ಟುವವರು ಬಣ್ಣ ಹೊಡೆಯುವುದು ಇದಕ್ಕೆ ತೀರಾ ವಿರುದ್ಧವಾದ ಕಾರಣಕ್ಕೆ. ಅವರಿಗೆ ಸೋರಿಕೆ ಕಾಣಬೇಕು. ತಿಳಿ ಬಣ್ಣದ ಬ್ಲಾಕಿನ ಮೇಲೆ ಒಂದು ಹನಿ ಎಣ್ಣೆ ಇಳಿದರೂ ಅದು ಯಾವ ಪ್ಯಾಕಿಂಗಿನಿಂದ ಹೊರಟಿತು, ಯಾವ ಬೋಲ್ಟಿನ ಬುಡದಲ್ಲಿ ತಿರುಗಿತು ಎಂಬುದು ಬೆಳಗ್ಗೆ ಬಾನೆಟ್ ಎತ್ತಿದ ಕೂಡಲೇ ಗೊತ್ತಾಗುತ್ತದೆ. ತಪ್ಪು ಎದ್ದು ಕಾಣಲೆಂದೇ ಬಳಿದ ಬಣ್ಣದ ಬಗ್ಗೆ ನನಗೆ ಅಪಾರ ಗೌರವವಿದೆ.

ನಮ್ಮ ಕಡೆ ಮನೆಯ ಹಿಂದೆ ಟಾರ್ಪಾಲು ಹೊದ್ದು ನಿಂತ ಹಳೆ ಕಾರು ಎಂದರೆ ಹೆಚ್ಚಾಗಿ ಅಂಬಾಸಿಡರ್, ಇಲ್ಲವೇ ಫಿಯೆಟ್. ನನಗೆ ಒಳಹೊರಗು ಗೊತ್ತಿರುವುದು ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು 1950ರ ದಶಕದ ಕೊನೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಯಿತು. ಮೊದಮೊದಲು ಅದರಲ್ಲಿದ್ದದ್ದು ಹಳೆಯ ಸೈಡ್ ವಾಲ್ವ್ ಇಂಜಿನ್. ಬೇಗನೆ ಅದರ ಜಾಗಕ್ಕೆ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ ಸರಣಿಯ ಓವರ್‌ಹೆಡ್ ವಾಲ್ವ್ ಇಂಜಿನ್ ಬಂತು. ಎಂಜಿಎ ಎಂಬ ಚೆಂದದ ಸ್ಪೋರ್ಟ್ಸ್ ಕಾರನ್ನು ಓಡಿಸಿದ್ದೂ ಇದೇ ಮನೆತನದ 1489 ಸಿಸಿ ಇಂಜಿನ್. ಬೋರ್ 73 ಮಿಲಿಮೀಟರ್, ಸ್ಟ್ರೋಕ್ 88.9 ಮಿಲಿಮೀಟರ್, ಬ್ಲಾಕೂ ಬೀಡು ಕಬ್ಬಿಣ, ಹೆಡ್ಡೂ ಬೀಡು ಕಬ್ಬಿಣ. 1990ರ ದಶಕದಲ್ಲಿ ಇಸುಜು ಇಂಜಿನ್ ಬರುವವರೆಗೆ ನಮ್ಮ ಟ್ಯಾಕ್ಸಿ ಚಾಲಕರು, ಸರ್ಕಾರಿ ಡ್ರೈವರುಗಳು, ಮದುವೆ ದಿಬ್ಬಣದವರು ನಂಬಿದ್ದು ಹೆಚ್ಚಾಗಿ ಇದನ್ನೇ. 2014ರಲ್ಲಿ ಉತ್ತರಪಾಡಾದ ಕಾರ್ಖಾನೆಯೇ ನಿಂತುಹೋಯಿತು.

ಈ ಇಂಜಿನ್ನಿನ ದೊಡ್ಡ ಗುಣ, ಅದು ಕೈಗೆ ಸಿಗುತ್ತದೆ. ಬಾನೆಟ್ ಎತ್ತಿದರೆ ಸುತ್ತಲೂ ಜಾಗ, ಪಾನಾ ತಿರುಗಿಸಲು ಅವಕಾಶ. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ಒಂದು ಚೈನ್ ಪುಲ್ಲಿ, ತೂಕ ತಡೆಯುವ ತೊಲೆ, ಒಳ್ಳೆಯ ಪಾನಾ ಸೆಟ್ಟು, ಟಾರ್ಕ್ ರೆಂಚು, ಫೀಲರ್ ಗೇಜು ಇದ್ದರೆ ಇಂಜಿನ್ ಇಳಿಸಿ ಬೆಂಚಿನ ಮೇಲೆ ಕೂರಿಸಬಹುದು. ಒಬ್ಬರೇ ಮಾಡಬಾರದು, ಅಷ್ಟೇ. ಒಂದೂವರೆ ಕ್ವಿಂಟಲಿನಷ್ಟು ಕಬ್ಬಿಣ ತೂಗಾಡುವಾಗ ಕೆಳಗೆ ಯಾರ ಕಾಲೂ ಇರಕೂಡದು.

ಬಿಚ್ಚುವಾಗ ಆತುರ ಬೇಡ. ಯಾವ ಪಿಸ್ಟನ್ ಯಾವ ಬೋರಿನದು, ಯಾವ ಬೇರಿಂಗ್ ಕ್ಯಾಪ್ ಎಲ್ಲಿಯದು, ಯಾವ ದಿಕ್ಕಿಗೆ ಮುಖ ಮಾಡಿತ್ತು ಎಂಬುದನ್ನು ಗುರುತು ಹಾಕದೆ ತೆಗೆಯಬಾರದು. ಪುಷ್‌ರಾಡುಗಳನ್ನು ರಟ್ಟಿನಲ್ಲಿ ತೂತು ಕೊರೆದು ಸಾಲಾಗಿ ನಿಲ್ಲಿಸಬೇಕು. ದಶಕಗಳ ಕಾಲ ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಂಡ ಭಾಗಗಳವು, ಜೋಡಿ ತಪ್ಪಿಸಿದರೆ ಮತ್ತೆ ಸವೆತ ಶುರು. ಬ್ಲಾಕಿನ ಪಕ್ಕದ ಕೋರ್ ಪ್ಲಗ್ಗುಗಳನ್ನು ಹೊಡೆದು ತೆಗೆದರೆ ಒಳಗಿನಿಂದ ಕೆಂಪು ಕೆಸರು ಬರುತ್ತದೆ. ಬೋರ್‌ವೆಲ್ ನೀರು ಹೊಯ್ದು ಓಡಿಸಿದ ಕಾರಾದರೆ ಹೇಳುವುದೇ ಬೇಡ. ಆ ಕೆಸರು ಹೆಚ್ಚಾಗಿ ಕೂರುವುದು ಹಿಂದಿನ ಸಿಲಿಂಡರಿನ ಸುತ್ತ, ಹಾಗಾಗಿ ಇಂಜಿನ್ ಅಲ್ಲಿಯೇ ಮೊದಲು ಕಾಯುತ್ತದೆ. ಹೊರಗೆ ಎಂಥ ಬಣ್ಣ ಹೊಡೆದರೂ ಈ ಕೆಸರು ಒಳಗೇ ಉಳಿದರೆ ಪ್ರಯೋಜನವಿಲ್ಲ.

ಆಮೇಲೆ ಅಳತೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಗ್ಯಾರೇಜಿನಲ್ಲಿ ಒಂದು ಥೌ ಅನ್ನುತ್ತಾರೆ. ಬೋರ್ ಮೇಲ್ತುದಿಯಲ್ಲಿ ಎಷ್ಟು ಸವೆದಿದೆ, ಅಂಡಾಕಾರಕ್ಕೆ ತಿರುಗಿದೆಯೇ, ಕ್ರ್ಯಾಂಕಿನ ಜರ್ನಲ್ ಗುಂಡಗಿದೆಯೇ ಎಂಬುದೆಲ್ಲ ಥೌಗಳ ಲೆಕ್ಕ. ಸವೆದಿದ್ದರೆ ಬೋರ್ ಮಾಡಿಸಿ ಇಪ್ಪತ್ತು ಸೈಜೋ ನಲವತ್ತು ಸೈಜೋ ಪಿಸ್ಟನ್ ಹಾಕಬೇಕು, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಶೆಲ್ ಹಾಕಬೇಕು. ಇವೆರಡು ಮನೆಯಲ್ಲಿ ಆಗುವ ಕೆಲಸವಲ್ಲ. ಬೆಂಗಳೂರಿನವರು ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂತ ಅಲೆದು ಬಿಡಿಭಾಗ ಹುಡುಕುತ್ತಾರೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಹಳೆ ಮೇಸ್ತ್ರಿಗಳು ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಬೆರಳ ತುದಿಯನ್ನು ಬೋರಿನೊಳಗೆ ಒಮ್ಮೆ ಆಡಿಸಿ ಸವೆತ ಇಷ್ಟಿದೆ ಎಂದು ಹೇಳಿ, ಆಮೇಲೆ ಗೇಜು ಹಾಕಿ ಖಚಿತಪಡಿಸಿಕೊಳ್ಳುವ ಇಂಥ ಮೇಸ್ತ್ರಿಗಳ ಪಕ್ಕದಲ್ಲಿ ನಿಂತು ಕೆಲಸ ನೋಡುವುದೇ ಒಂದು ಕಲಿಕೆ. ಅವರ ಮಕ್ಕಳು ಬಹುಪಾಲು ಬೇರೆ ಕೆಲಸ ಹಿಡಿದಿದ್ದಾರೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಬೋರಿಂಗ್ ಅಂಗಡಿಯಿಂದ ಬ್ಲಾಕು ವಾಪಸು ಬಂದ ಮೇಲೆಯೇ ಬಣ್ಣದ ಮಾತು. ಮೊದಲೇ ಹೊಡೆದರೆ ತೊಳೆಯುವ ರಾಸಾಯನಿಕದಲ್ಲಿ ಎಲ್ಲ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರೆ ಸಾಕು ಎಂದು ಅನೇಕರು ಭಾವಿಸುತ್ತಾರೆ. ಸಾಲದು. ಸೀಮೆಎಣ್ಣೆ ತನ್ನದೇ ತೆಳು ಪೊರೆಯನ್ನು ಬಿಟ್ಟು ಹೋಗುತ್ತದೆ, ಅದರ ಮೇಲೆ ಯಾವ ಬಣ್ಣವೂ ಕಚ್ಚುವುದಿಲ್ಲ. ಸೋಪಿನ ಬಿಸಿನೀರು, ತಂತಿ ಬ್ರಷ್ಷು, ಕೊನೆಗೆ ಥಿನ್ನರ್ ಅದ್ದಿದ ಬಿಳಿ ಬಟ್ಟೆ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸುತ್ತಲೇ ಇರಬೇಕು. ಹೋನಿಂಗ್ ಮಾಡಿದ ಬೋರಿನ ಗೆರೆಗಳಲ್ಲಿ ಕೂತ ಮಸೆಗಲ್ಲಿನ ಪುಡಿಯೂ ಸೋಪು ಮತ್ತು ಬಿಸಿನೀರಿಗೇ ಬಿಡುವುದು, ಪೆಟ್ರೋಲಿಗಲ್ಲ. ತೊಳೆದ ಬೋರಿಗೆ ತಕ್ಷಣ ಎಣ್ಣೆ ಸವರದಿದ್ದರೆ ಮಳೆಗಾಲದ ಗಾಳಿಗೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಕರಾವಳಿ, ಮಲೆನಾಡಿನವರು ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಯಾವ ಬಣ್ಣ? ಇದರ ಹಿಂದೆ ದೊಡ್ಡ ಚರಿತ್ರೆಯಿದೆ. ಇಂಗ್ಲೆಂಡಿನಲ್ಲಿ ಮಾರಿಸ್ ಮೈನರ್, ಮಿನಿ ಕಾರುಗಳ ಇಂಜಿನ್ನಿಗೆ ಗಾಢ ಹಸಿರು, ಎಂಜಿ ಕಾರುಗಳಿಗೆ ಕಂದುಗೆಂಪು. ಕಾರ್ಖಾನೆಯೇ ಬಿಚ್ಚಿ ಕಟ್ಟಿ ಕೊಟ್ಟ ಇಂಜಿನ್ನಿಗೆ ಚಿನ್ನದ ಬಣ್ಣ. ಅದನ್ನು ಗೋಲ್ಡ್ ಸೀಲ್ ಎಂದೇ ಮಾರುತ್ತಿದ್ದರು. ಅಮೆರಿಕದ ಷೆವ್ರೊಲೆಟ್ ವಿ8 ಇಂಜಿನ್ ಎಂದರೆ ಕಿತ್ತಳೆ. ಬಾನೆಟ್ ಎತ್ತಿದವರಿಗೆ ಇಂಜಿನ್ನಿನ ಊರು, ವಂಶ, ಹಿಂದೆ ಬಿಚ್ಚಿದ್ದುಂಟೋ ಇಲ್ಲವೋ ಎಲ್ಲವನ್ನೂ ಬಣ್ಣವೇ ಹೇಳುತ್ತಿತ್ತು. ಮೂಲದ ಬಣ್ಣವನ್ನೇ ಹೊಡೆಯಬೇಕು, ಸ್ವಂತ ಇಷ್ಟದ ಬಣ್ಣ ಹೊಡೆದರೆ ಅಪಚಾರ ಎನ್ನುವ ಹವ್ಯಾಸಿಗಳಿದ್ದಾರೆ. ಅವರ ನಿಷ್ಠೆಯನ್ನು ಮೆಚ್ಚುತ್ತೇನೆ, ಆದರೆ ಒಪ್ಪುವುದಿಲ್ಲ. ಬಣ್ಣವನ್ನು ನಾಳೆ ಕೆರೆದು ಬೇರೆ ಹಚ್ಚಬಹುದು. ಕತ್ತರಿಸಿದ ಲೋಹ, ಕೊರೆದ ತೂತು, ಉಜ್ಜಿ ಅಳಿಸಿದ ನಂಬರು ಮರಳಿ ಬರುವುದಿಲ್ಲ. ಹಳೆ ಬಣ್ಣದ ಒಂದು ಫೋಟೊ ತೆಗೆದಿಟ್ಟು ಮುಂದುವರಿಯಿರಿ. ನಮ್ಮ ಮನೆಯ ಕಾರಿಗೆ ಬ್ಲಾಕು ಮತ್ತು ಹೆಡ್ಡಿಗೆ ತಿಳಿ ಹಸಿರು, ರಾಕರ್ ಕವರಿಗೆ ಕುಂಕುಮದ ಕೆಂಪು ಆರಿಸಿದೆವು. ಆಯುಧಪೂಜೆಯ ದಿನ ಬಾನೆಟ್ ತೆರೆದಿಟ್ಟು ಚೆಂಡುಹೂ ಏರಿಸಿದಾಗ ಬೀದಿಯ ಮಕ್ಕಳೆಲ್ಲ ಬಂದು ಇಣುಕಿದರು.

ಬಣ್ಣದ ಡಬ್ಬಿ ಕೊಳ್ಳುವಾಗ ಶಾಖದ ಸಂಖ್ಯೆಗೆ ಮರುಳಾಗುವುದು ಬೇಡ. ಸರಿಯಿರುವ ಇಂಜಿನ್ನಿನಲ್ಲಿ ನೀರಿನ ಶಾಖ 80-90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಬ್ಲಾಕಿನ ಹೊರಮೈ ಅದಕ್ಕಿಂತ ಬಹಳ ಮೇಲೆ ಹೋಗುವುದಿಲ್ಲ. ಒಳ್ಳೆಯ ಇಂಜಿನ್ ಎನಾಮೆಲ್ ಇದನ್ನು ಸುಲಭವಾಗಿ ತಡೆಯುತ್ತದೆ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಕತೆ ಬೇರೆ. ಅಲ್ಲಿ ನೂರಾರು ಡಿಗ್ರಿ ಶಾಖ, ಸಿಲಿಕೋನ್ ಆಧಾರಿತ ಬಣ್ಣವಲ್ಲದೆ ಬೇರೇನೂ ನಿಲ್ಲದು. ಕಾರ್ಬ್ಯುರೇಟರಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುವ ಜಾಗದಲ್ಲಿ ಸಾಧಾರಣ ಎನಾಮೆಲ್ ಮೆತ್ತಗಾಗಿ ಎದ್ದುಬರುತ್ತದೆ. ಹಾಗೆಂದು ಎರಡು ಡಬ್ಬಿ ಬೆರೆಸಿ ಹೊಡೆಯುವ ಗಟ್ಟಿ ಬಣ್ಣವನ್ನು ಮನೆಯ ಶೆಡ್ಡಿನಲ್ಲಿ ಸ್ಪ್ರೇ ಮಾಡಬೇಡಿ. ಅದರಲ್ಲಿನ ಐಸೊಸಯನೇಟ್ ಉಸಿರಾಟಕ್ಕೆ ಅಪಾಯ, ಅಸ್ತಮಾ ತರಬಲ್ಲದು. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ದಪ್ಪಗೆ ಒಂದೇ ಸಲ ಬಳಿಯದೆ ತೆಳ್ಳಗೆ ಹಲವು ಪದರ ಹೊಡೆಯಿರಿ. ಪ್ಯಾಕಿಂಗ್ ಕೂರುವ ನುಣುಪು ಮುಖಗಳಿಗೆಲ್ಲ ಟೇಪ್ ಹಚ್ಚಿರಿ. ಅರ್ತಿಂಗ್ ಪಟ್ಟಿ ಕಚ್ಚುವ ಜಾಗವನ್ನು ಬರಿಯ ಲೋಹವಾಗಿಯೇ ಬಿಡಿ. ಅಲ್ಲಿ ಬಣ್ಣ ಕೂತರೆ ಸ್ಟಾರ್ಟರ್ ತಿರುಗುವುದಿಲ್ಲ, ಬ್ಯಾಟರಿ ಕೆಟ್ಟಿದೆ ಎಂದು ಹೊಸದು ತಂದವರೂ ಇದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಇಂಜಿನ್ ನಂಬರಿನ ಮೇಲೆ ಬಣ್ಣ ಬೀಳಬಾರದು. ಆರ್.ಸಿ. ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರು ಮೊದಲು ಹುಡುಕುವುದು ಅದನ್ನೇ.

ಜೋಡಿಸುವಾಗಿನ ಒಂದು ಸಂಗತಿ ಹೇಳಲೇಬೇಕು. ಟ್ಯಾಪೆಟ್ ಸೆಟ್ ಮಾಡಲು ಹಳೆ ಮೆಕ್ಯಾನಿಕರು ಒಂಬತ್ತರ ಲೆಕ್ಕ ಬಳಸುತ್ತಾರೆ. ಎಂಟನೇ ವಾಲ್ವು ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು ಸೆಟ್ ಮಾಡಬೇಕು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಇದನ್ನು ಬಾಯಲ್ಲೇ ಎಣಿಸಿ ಎಂಟೂ ವಾಲ್ವು ಮುಗಿಸುವುದನ್ನು ಕಂಡಿದ್ದೇನೆ.

ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಮೊದಲ ಸ್ಟಾರ್ಟಿನಲ್ಲಿ ಇಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಡಬಾರದು. ಸುಮಾರು 2000 ಆರ್‌ಪಿಎಮ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ಇಲ್ಲದಿದ್ದರೆ ಕ್ಯಾಮ್ ಮತ್ತು ಟ್ಯಾಪೆಟ್ ಒಂದನ್ನೊಂದು ತಿನ್ನುತ್ತವೆ. ಹಳೆ ಇಂಜಿನ್ನಿಗೆ ಸತುವಿನ ಅಂಶ ಸಾಕಷ್ಟಿರುವ 20ಡಬ್ಲ್ಯು-50 ಆಯಿಲ್ ಒಳ್ಳೆಯದು. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ತಾಳುವುದಿಲ್ಲ, ಬದಲಿಸಿಬಿಡಿ. ಆಮೇಲೆ ಟಾರ್ಚ್ ಹಿಡಿದು ತಿಳಿ ಬಣ್ಣದ ಮೇಲೆ ಹನಿ ಹುಡುಕಿ. ಹಿಂಭಾಗದಿಂದ ಸ್ವಲ್ಪ ಎಣ್ಣೆ ಕಂಡರೆ ಎದೆಗುಂದಬೇಡಿ; ಈ ಇಂಜಿನ್ನಿನ ಕ್ರ್ಯಾಂಕ್ ಹಿಂತುದಿಗೆ ಸೀಲೇ ಇಲ್ಲ, ಎಣ್ಣೆಯನ್ನು ಒಳಗೆ ತಿರುಗಿಸಿ ಎಳೆದುಕೊಳ್ಳುವ ಸುರುಳಿ ಗೆರೆಯಷ್ಟೇ ಇದೆ.

ಹಳೆಯ ಇಂಜಿನ್ನನ್ನೇ ಉಳಿಸಿಕೊಳ್ಳಲು ಕಾನೂನಿನ ಕಾರಣವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದುಪಡಿ ಮಾಡಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಕೊಟ್ಟಿತು. ಮುಖ್ಯ ಷರತ್ತು: ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. 1960ರ, 70ರ ದಶಕದ ಎಷ್ಟೋ ಅಂಬಾಸಿಡರುಗಳಿಗೆ ಈ ಅರ್ಹತೆ ತಪ್ಪುವುದು ಖರ್ಚು ಉಳಿಸಲು ಯಾವುದೋ ಡೀಸೆಲ್ ಇಂಜಿನ್ ತಂದು ಕೂರಿಸಿದ್ದರಿಂದ. ಹಳೆಯ ಇಂಜಿನ್ನನ್ನೇ ಬಿಚ್ಚಿ ಕಟ್ಟುವುದು ದುಬಾರಿಯೆನಿಸಿದರೂ ಕಾರಿನ ಬೆಲೆ ಉಳಿಯುವುದು ಅದರಿಂದಲೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿ ಹಳೆ ಕಾರುಗಳನ್ನು ಒಟ್ಟಿಗೇ ನೋಡಬಹುದು. ಮಕ್ಕಳನ್ನು ಕರೆದೊಯ್ಯಿರಿ.

ನಿಮ್ಮ ಮನೆಯ ಹಿಂದೆ ಅಂಥದೊಂದು ಕಾರು ನಿಂತಿದ್ದರೆ ಗುಜರಿಗೆ ತೂಕಕ್ಕೆ ಹಾಕುವ ಮುನ್ನ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ನೆನೆಯಲಿ. ಬೆಳಗ್ಗೆ ಗೇರು ನ್ಯೂಟ್ರಲ್ಲಿಗೆ ಹಾಕಿ, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಕೊಟ್ಟು ನಿಧಾನವಾಗಿ ತಿರುಗಿಸಿ ನೋಡಿ. ತಿರುಗಿದರೆ, ನಿಮ್ಮೂರಿನ ಬೋರಿಂಗ್ ಮೇಸ್ತ್ರಿ ಅಂಗಡಿ ಮುಚ್ಚುವ ಮೊದಲೇ ಹೋಗಿ ಮಾತಾಡಿ.