ಅಂಜಿಕೆ ಅಂದ್ರೆ ಹೇಡಿತನಾನಾ?

ಮೊಣಕಾಲಿನ ಆಪರೇಷನ್ ಆಗಿ ವರ್ಷ ಕಳೆದ ಕಬಡ್ಡಿ ಹುಡುಗ ರೇಡ್‌ಗೆ ಹೋಗಲು ಹಿಂಜರಿದರೆ, ನಮ್ಮ ಹತ್ತಿಮತ್ತೂರು ಕಡೆ 'ಅಂವಾ ಅಂಜ್ಯಾನ ಬಿಡ್ರಿ' ಅಂತ ತೀರ್ಪು ಕೊಟ್ಟುಬಿಡುತ್ತಾರೆ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ.

ಮೊಣಕಾಲೊಳಗಿನ ಎಸಿಎಲ್ ಬಹಳ ಸಲ ಹರಿಯೋದು ಯಾರೂ ಮುಟ್ಟದೇ ಇದ್ದಾಗ, ಓಡುತ್ತಾ ಗಕ್ಕನೆ ತಿರುಗಿದಾಗ. ಬೈಯೋಕೆ ಎದುರಾಳಿಯೂ ಇಲ್ಲ. ಕೈಕೊಟ್ಟಿದ್ದು ಸ್ವಂತ ಕಾಲು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸಿದರೂ ಮತ್ತೆ ಆಡಲು ಸುಮಾರು 9 ತಿಂಗಳು ಬೇಕು. ಡಾಕ್ಟರು ಹೂಂ ಅಂದಮೇಲೂ ಎಷ್ಟೋ ಜನ ಅಂಕಣಕ್ಕೆ ಮರಳದಿರೋದು ಮತ್ತೆ ಹರಿದೀತು ಅನ್ನೋ ಭಯಕ್ಕೆ. ಅದು ಹೇಡಿತನವಲ್ಲ, ನೆನಪು. (ಒಮ್ಮೆ ಕ್ರ್ಯಾಶ್ ಆದ ಕೋಡನ್ನು ಟೆಸ್ಟ್ ಮಾಡದೆ ನಾವು ಪ್ರೊಡಕ್ಷನ್‌ಗೆ ಬಿಡ್ತೀವಾ?)

ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಮತ್ತೆ ಆಡಿದ್ದು 2024ರ ಮಾರ್ಚ್‌ನಲ್ಲಿ. ನಾವು ಅವರ ಧೈರ್ಯ ಹೊಗಳಿದೆವು, ಸರಿಯೇ. ಆದರೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಫಿಸಿಯೋಗಳು ಜೊತೆಗಿದ್ದು, ಮೆಟ್ಟಿಲು ಹತ್ತೋದರಿಂದ ಹಿಡಿದು ಆ ಧೈರ್ಯವನ್ನು ತಿಂಗಳುಗಟ್ಟಲೆ ಕಟ್ಟಿದ್ದರು.

ನಮ್ಮ ಹುಡುಗನಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್, ಆಮೇಲೆ ಊರ ಕಟ್ಟೆ. ಅಲ್ಲಿ ಕೂತವರು ಕೇಳೋದು 'ಮತ್ತ ಯಾವಾಗ ಆಡ್ತೀಯೋ?' ಅಂತ. 'ಕಾಲಿನ ಮ್ಯಾಲೆ ನಂಬಿಕಿ ಬಂತೇನೋ ತಮ್ಮಾ?' ಅಂತ ಯಾರೂ ಕೇಳಲ್ಲ.